ಬಿಟ್ಟಿಯೋ, ದೇಶಸೇವೆಯೋ?

ಊರ ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರು ಕೂತು ಯೌವನಸ್ಥರ ವಿಷಯವಾಗಿ ಮಾತಾಡುವಾಗ ಒಂದು ಮಾತು ತಪ್ಪದೆ ಬರುವದುಂಟು. ಅದೇನಂದರೆ: "ಈ ಹುಡುಗರನ್ನು ಹೀಗೇ ಬಿಟ್ಟರೆ ಕೆಟ್ಟುಹೋಗುವರು. ಸರಕಾರದವರು ಕಾಯಿದೆ ಮಾಡಿ ಒಬ್ಬೊಬ್ಬನನ್ನೂ ಎರಡು ವರುಷ ದಂಡಿಗಾಗಲಿ ದೇಶದ ಬೇರೆ ಕೆಲಸಕ್ಕಾಗಲಿ ಹಿಡಿದುಹಾಕಬೇಕು; ಆಗ ಬುದ್ಧಿ ಬಂದೀತು." ಕೇಳಿದವರೆಲ್ಲರು ತಲೆದೂಗುವರು. ಆದರೆ ಹಾಗೆ ತಲೆದೂಗುವಾಗ ಅವರಲ್ಲಿ ಒಬ್ಬನಾದರೂ ತನ್ನ ಸ್ವಂತ ಮಗನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೋ ಎಂದು ನಮಗೆ ಸಂದೇಹವಿದೆ. ಹೆಚ್ಚಾಗಿ ನೆರೆಮನೆಯವನ ಮಗನೇ ಅವರ ಕಣ್ಣ ಮುಂದೆ ಇರುತ್ತಾನೆ.

ಇದ್ದಾಗ್ಯೂ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ದಕ್ಷಿಣ ಕೊರಿಯ, ಇಸ್ರಾಯೇಲ್, ಫಿನ್‌ಲೆಂಡ್, ಸ್ವಿಜರ್ಲೆಂಡ್ ಮೊದಲಾದ ದೇಶಗಳಲ್ಲಿ ಇಂಥ ಕಾಯಿದೆ ಈಗಲೂ ನಡೆಯುತ್ತದೆ. ನಮ್ಮ ದೇಶದಲ್ಲಿಯಾದರೋ ದಂಡಿಗೆ ಒಬ್ಬನನ್ನೂ ಬಲವಂತದಿಂದ ಸೇರಿಸುವ ಕಾಯಿದೆಯಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ದಂಡು ಸುಮಾರು ೨೫ ಲಕ್ಷಕ್ಕೆ ಬೆಳೆದಾಗಲೂ ಅವರೆಲ್ಲರು ತಾವಾಗಿ ಹೆಸರು ಕೊಟ್ಟವರೇ ಎಂದು ಲೆಕ್ಕ. ಅವರಲ್ಲಿ ಎಷ್ಟು ಮಂದಿಯನ್ನು ದೇಶಾಭಿಮಾನವು ಕರೆಯಿತು, ಎಷ್ಟು ಮಂದಿಯನ್ನು ಮನೆಯ ಬರಿದಾದ ಹಗೇವು ನೂಕಿತು ಎಂಬದು ಬೇರೆ ಮಾತು. ಆ ಮಾತಿಗೆ ನಾವು ತಿರಿಗಿ ಬರಬೇಕಾಗುವದು.

ಕಡ್ಡಾಯದ ಸೇವೆ ಎಂದೊಡನೆ ನಮ್ಮ ಸಭೆಗಳ ವೃದ್ಧರಿಗೆ ತಮ್ಮ ಅಜ್ಜ ಅಜ್ಜಿಯರ ಬಾಯಿಂದ ಕೇಳಿದ ಇನ್ನೊಂದು ಶಬ್ದವು ನೆನಪಿಗೆ ಬಂದೀತು. ಅದು ಬಿಟ್ಟಿ. ಹಿಂದಿನ ಕಾಲದಲ್ಲಿ ಅಧಿಕಾರಿಯ ಮೊಕ್ಕಾಂ ಊರಿಗೆ ಬಂದರೆ ತಳವಾರನು ಕೇರಿಗೆ ಬಂದು ಕೂಗುತ್ತಿದ್ದನು. ಡೇರೆಯ ಗಂಟುಗಳನ್ನು ಮುಂದಿನ ಊರಿನ ವರೆಗೆ ಹೊರುವದಕ್ಕೆ ಆಳು ಬೇಕು, ಕುದುರೆಗೆ ಹುಲ್ಲು ಬೇಕು, ಒಲೆಗೆ ಸೌದೆ ಬೇಕು. ತನ್ನ ತುಂಡು ಹೊಲದಲ್ಲಿ ಪೈರು ಒಣಗಿ ಉದುರುತ್ತಿದ್ದರೂ, ಮನೆಯಲ್ಲಿ ಹೆಂಡತಿ ಹಡೆದು ಮಲಗಿದ್ದರೂ ಕರೆ ಬಂದವನು ಹೋಗಲೇಬೇಕು. ಕೂಲಿಯಿಲ್ಲ, ಹೋಗದಿದ್ದರೆ ಏಟು. ಈ ಕೂಗು ಮೇಲುಕೇರಿಯ ಜಗಲಿಗಳಿಗೆ ಮುಟ್ಟುತ್ತಿರಲಿಲ್ಲ. ಹೊರೆ ಹೊರುವ ತಲೆಗಳು ಯಾವ ಜಾತಿಯವು ಎಂಬದು ಹುಟ್ಟಿನಿಂದಲೇ ಗೊತ್ತಾಗಿತ್ತು.

ವಾಚಕರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಆ ಕೆಲಸಕ್ಕೂ ಸರಕಾರದ ಕೆಲಸವೆಂದೇ ಹೆಸರಿತ್ತು. ಆದಕಾರಣ ಈಗ ಒಬ್ಬನು ಬಂದು, ದೇಶದ ಕೆಲಸಕ್ಕೆ ಎಲ್ಲರನ್ನೂ ಕಡ್ಡಾಯವಾಗಿ ಕರೆಯೋಣ ಎಂದರೆ, ಕರೆಯ ಹೆಸರನ್ನು ಮಾತ್ರ ಕೇಳಿ ಒಪ್ಪಲಾಗದು. ಹೊರೆಯು ಯಾರ ತಲೆಯ ಮೇಲೆ ಬೀಳುವದೆಂದು ನೋಡಬೇಕಾಗುವದು.

೧೯೫೦ನೇ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೨೩ನೆಯ ವಿಧಿಯಲ್ಲಿ ಎರಡು ಭಾಗಗಳುಂಟು. ಮೊದಲನೆಯ ಭಾಗದಲ್ಲಿ ಮನುಷ್ಯರನ್ನು ಮಾರುವದೂ ಕೊಳ್ಳುವದೂ, ಬಿಟ್ಟಿ ಹಿಡಿಯುವದೂ, ಅದಕ್ಕೆ ಸಮಾನವಾದ ಬೇರೆ ಬಲವಂತದ ದುಡಿತವೂ ನಿಷೇಧಿಸಲ್ಪಟ್ಟಿವೆ. ಇದು ಅನೇಕರಿಗೆ ಗೊತ್ತು. ಎರಡನೆಯ ಭಾಗವನ್ನು ಓದಿದವರು ಕಡಿಮೆ. ಸಾರ್ವಜನಿಕ ಉದ್ದೇಶಗಳಿಗಾಗಿ ಸರಕಾರವು ಪ್ರಜೆಗಳಿಂದ ಕಡ್ಡಾಯವಾದ ಸೇವೆಯನ್ನು ಕೇಳಬಹುದು, ಹಾಗೆ ಕೇಳುವಾಗ ಕೇವಲ ಮತ, ಕುಲ, ಜಾತಿ, ವರ್ಗ ಇವುಗಳ ನಿಮಿತ್ತವಾಗಿ ಒಬ್ಬನಿಗೂ ಇನ್ನೊಬ್ಬನಿಗೂ ಭೇದ ಮಾಡಕೂಡದು ಎಂಬದು ಅದರ ತಾತ್ಪರ್ಯ. ಬಿಟ್ಟಿಯನ್ನು ಮುರಿದ ವಿಧಿಯಲ್ಲಿಯೇ ಕಡ್ಡಾಯದ ಸೇವೆಗೆ ಬಾಗಲನ್ನೂ ಇಟ್ಟಿದ್ದಾರೆ. ಇದು ಕೈತಪ್ಪಿನಿಂದ ಆದದ್ದಲ್ಲ. ಬಿಟ್ಟಿಗೂ ಸೇವೆಗೂ ನಡುವೆ ಇರುವ ಗಡಿಯು ಬಲವಂತ ಉಂಟೋ ಇಲ್ಲವೋ ಎಂಬದರಲ್ಲಿ ಮಾತ್ರ ಇಲ್ಲ. ಒಬ್ಬ ಒಡೆಯನ ಸುಖಕ್ಕಾಗಿಯೋ ಎಲ್ಲರ ಹಿತಕ್ಕಾಗಿಯೋ, ಕೆಲವರ ತಲೆಯ ಮೇಲೋ ಎಲ್ಲರ ತಲೆಯ ಮೇಲೋ ಎಂಬದರಲ್ಲಿಯೂ ಇದೆ ಎಂದು ಬರೆದವರಿಗೆ ತಿಳಿದಿತ್ತೆಂದು ನಾವು ಎಣಿಸುತ್ತೇವೆ.

ಬಲವಂತವೆಂದರೆ ಏಟು ಮಾತ್ರವಲ್ಲ. ದಿಲ್ಲಿಯಲ್ಲಿ ಏಷ್ಯಾ ಖಂಡದ ಆಟಗಳಿಗೋಸ್ಕರ ಕಟ್ಟಡಗಳನ್ನು ಕಟ್ಟುತ್ತಿದ್ದ ಕೂಲಿಯವರ ವಿಷಯವು ೧೯೮೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಹಸಿವಿನ ಮತ್ತು ಬಡತನದ ಒತ್ತಾಯದಿಂದ ಒಬ್ಬನು ಕಾಯಿದೆಯು ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಬಲವಂತದ ದುಡಿತವೇ ಎಂದು ನ್ಯಾಯಾಧೀಶರು ತೀರ್ಪು ಹೇಳಿದರು. ಬರಿದಾದ ಹಗೇವಿನ ಮಾತನ್ನು ಮೇಲೆ ಎತ್ತಿದ್ದು ಇದಕ್ಕಾಗಿಯೇ. ಕಡ್ಡಾಯವಿಲ್ಲದ ದೇಶದಲ್ಲಿ ಎಲ್ಲರೂ ಸ್ವತಂತ್ರರಾಗಿ ಸೇವೆಗೆ ಹೋಗುತ್ತಾರೆಂದು ನಾವು ತಿಳಿದರೆ ಮೋಸಹೋಗುವೆವು. ಬಡವನ ಮಗನನ್ನು ಕಾಯಿದೆಯು ಕರೆಯುವದಿಲ್ಲ, ಹೊಟ್ಟೆ ಕರೆಯುತ್ತದೆ. ಧನಿಕನ ಮಗನನ್ನು ಎರಡೂ ಕರೆಯುವದಿಲ್ಲ. ಕಡ್ಡಾಯವು ಬೇಕೆನ್ನುವವರಲ್ಲಿ ಬುದ್ಧಿವಂತರಾದವರು ಹೇಳುವ ಬಲವಾದ ನ್ಯಾಯವು ಇದೇ. ಇದಕ್ಕೆ ಸುಲಭವಾದ ಉತ್ತರವಿಲ್ಲವೆಂದು ನಾವು ಒಪ್ಪಿಕೊಳ್ಳುತ್ತೇವೆ.

ಪ್ರಜೆಗಳ ಕರ್ತವ್ಯಗಳೆಂಬ ೫೧ಎ ವಿಧಿಯನ್ನು ೧೯೭೬ನೇ ವರುಷದ ೪೨ನೆಯ ತಿದ್ದುಪಡಿಯಲ್ಲಿ ಸೇರಿಸಿದರು. ಕರೆ ಬಂದಾಗ ದೇಶವನ್ನು ಕಾಯುವದೂ ರಾಷ್ಟ್ರಸೇವೆಯನ್ನು ಮಾಡುವದೂ ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಅಲ್ಲಿ ಹೇಳಿದೆ. ಮಾಡದವನಿಗೆ ಶಿಕ್ಷೆಯನ್ನು ಆ ವಿಧಿಯು ಹೇಳುವದಿಲ್ಲ.

ಸತ್ಯವೇದವನ್ನು ಓದುವವರಿಗೆ ಈ ಜಗಳವು ಹೊಸದಲ್ಲ. ಸೊಲೊಮೋನನು ದೇವಾಲಯದ ಮರಗಳಿಗೋಸ್ಕರ ಇಸ್ರಾಯೇಲ್ಯರಲ್ಲಿ ೩೦,೦೦೦ ಆಳುಗಳನ್ನು ಹಿಡಿದು, ತಿಂಗಳಿಗೆ ೧೦,೦೦೦ದಂತೆ ಲೆಬನೋನಿಗೆ ಕಳುಹಿಸಿದನು. ಒಂದು ತಿಂಗಳು ಕಾಡಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಸರದಿಯು ನ್ಯಾಯವಾಗಿಯೇ ತೋರುತ್ತದೆ, ಉದ್ದೇಶವೋ ಪರಿಶುದ್ಧವಾದದ್ದು. ಆದರೂ ಅವನ ಮಗನ ಕಾಲಕ್ಕೆ ಜನರು ಆ ನೊಗವು ಭಾರವೆಂದು ಮೊರೆಯಿಟ್ಟರು. ರೆಹಬ್ಬಾಮನು ಕೇಳದೆ ಬಿಟ್ಟಿಯ ಮೇಲ್ವಿಚಾರಕನನ್ನೇ ಅವರ ಬಳಿಗೆ ಕಳುಹಿಸಲು ಅವನನ್ನು ಕಲ್ಲೆಸೆದು ಕೊಂದರು, ರಾಜ್ಯವು ಎರಡಾಯಿತು. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದ್ದು ಬೇರೆ ರೀತಿ. ಅಕ್ಕಸಾಲಿಗನೂ ಯಾಜಕನೂ ವರ್ತಕನೂ, ಒಬ್ಬ ಅಧಿಕಾರಿಯ ಹೆಣ್ಣುಮಕ್ಕಳೂ ಸಹ ಗೋಡೆಯ ಕೆಲಸಕ್ಕೆ ನಿಂತರು. ಅನೇಕರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವ ಊರಿನ ದೊಡ್ಡ ಮನುಷ್ಯರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂದು ಬರೆದಿದೆ. ಅವರಿಗೆ ಶಿಕ್ಷೆಯಾದ ಸುದ್ದಿಯಿಲ್ಲ. ಹೆಸರು ಮಾತ್ರ ಪಟ್ಟಿಯಲ್ಲಿ ನಿಂತಿದೆ. ಅಧಿಪತಿಯಾದ ನೆಹೆಮೀಯನು ೧೨ ವರುಷ ತನಗೆ ಸಲ್ಲತಕ್ಕ ಆಹಾರದ ತೆರಿಗೆಯನ್ನು ಜನರಿಂದ ತೆಗೆದುಕೊಳ್ಳಲಿಲ್ಲ. ಕರೆಯುವವನೇ ಮೊದಲು ಹೊರೆಗೆ ಕೈಹಚ್ಚಿದಲ್ಲಿ ಜನರನ್ನು ಹಿಡಿದು ತರುವ ಕೆಲಸವು ಬಹಳ ಕಡಿಮೆ.

ಈಗ ನಮ್ಮ ದೇಶದಲ್ಲಿ ನಡೆದದ್ದನ್ನು ನೋಡೋಣ. ಈ ಪ್ರಶ್ನೆಯನ್ನು ದೊಡ್ಡವರು ಮಾತಾಡಿ ಬಿಟ್ಟದ್ದು ಮಾತ್ರವಲ್ಲ, ಒಂದು ಭಾಗವನ್ನು ಮಾಡಿಯೂ ನೋಡಿದ್ದಾರೆ. ೧೯೫೯ರಲ್ಲಿ ಸಿ. ಡಿ. ದೇಶ್‌ಮುಖರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಿಸಲ್ಪಟ್ಟಿತು. ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿಗೆ ಹೋಗತಕ್ಕವರೆಲ್ಲರಿಗೂ ಒಂಬತ್ತು ತಿಂಗಳಿನಿಂದ ಒಂದು ವರುಷದ ವರೆಗೆ ರಾಷ್ಟ್ರಸೇವೆಯನ್ನು ಕಡ್ಡಾಯ ಮಾಡಬೇಕೆಂದು ಅದು ಹೇಳಿತು. ಖರ್ಚನ್ನೂ ನಡಿಸುವ ಕಷ್ಟವನ್ನೂ ನೋಡಿ ಸರಕಾರವು ಹಿಂದೆಗೆಯಿತು. ತರುವಾಯ ಕೆ. ಜಿ. ಸಯ್ಯದೈನರು ಬೇರೆ ಬೇರೆ ದೇಶಗಳ ರೀತಿಗಳನ್ನು ಪರಿಶೀಲಿಸಿ, ಸೇವೆಯು ಮನಃಪೂರ್ವಕವಾದದ್ದೇ ಆಗಿರಲಿ ಎಂದು ೧೯೬೦ರಲ್ಲಿ ವರದಿ ಕೊಟ್ಟರು. ಅಷ್ಟರಲ್ಲಿ ೧೯೬೨ರ ಚೀನಾ ಯುದ್ಧವು ಬಂತು. ದೇಶಕ್ಕೆ ಪೆಟ್ಟು ಬಿದ್ದಾಗ ಜನರ ಮನಸ್ಸು ಕಡ್ಡಾಯದ ಕಡೆಗೆ ಬೇಗನೆ ತಿರುಗುವದು ಸಹಜ. ೧೯೬೩ರಲ್ಲಿ ಎನ್.ಸಿ.ಸಿ. ಎಂಬ ಸಿಪಾಯಿ ಶಿಕ್ಷಣವನ್ನು ಕಾಲೇಜಿನ ಹುಡುಗರಿಗೆ ಕಡ್ಡಾಯ ಮಾಡಿದರು.

ಅದು ಐದು ವರುಷವೇ ನಿಂತಿತು. ೧೯೬೮ರಲ್ಲಿ ಅದನ್ನು ತಿರಿಗಿ ಇಷ್ಟವಿದ್ದವರಿಗೆ ಮಾತ್ರ ಬಿಟ್ಟರು. ಕವಾಯತು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಬೆಳಿಗ್ಗೆ ಎದ್ದು ಸಾಲಾಗಿ ನಿಲ್ಲುವದು ಎಷ್ಟೋ ಹುಡುಗರಿಗೆ ಒಳ್ಳೇದನ್ನು ಮಾಡಿದೆ. ಆದರೆ ಒಲ್ಲದವನಿಂದ ಕಾಯಿದೆಯು ಹಾಜರಿಪಟ್ಟಿಯಲ್ಲಿ ಒಂದು ಗುರುತನ್ನು ಪಡಕೊಳ್ಳುವದಲ್ಲದೆ ಬೇರೆ ಏನನ್ನು ಪಡಕೊಂಡೀತು? ೧೯೬೯ನೇ ಸೆಪ್ಟೆಂಬರ ೨೪ರಂದು ವಿ. ಕೆ. ಆರ್. ವಿ. ರಾಯರು ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. ಅವರು ಆಗ ಕೇಂದ್ರದ ವಿದ್ಯಾಮಂತ್ರಿಗಳು. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಲ್ಪಟ್ಟವರು. ೩೭ ವಿಶ್ವವಿದ್ಯಾಲಯಗಳಲ್ಲಿ ೪೦,೦೦೦ ವಿದ್ಯಾರ್ಥಿಗಳು ಅದರಲ್ಲಿ ಸೇರಿದರು. ಇವತ್ತಿಗೂ ನಿಮ್ಮ ಹಳ್ಳಿಗೆ ಕಾಲೇಜಿನ ಹುಡುಗ ಹುಡುಗಿಯರು ಬಂದು ಶಾಲೆಯಲ್ಲಿ ವಾರವಿಡೀ ತಂಗಿ ಚರಂಡಿ ತೋಡಿ, ಗಿಡ ನೆಟ್ಟು, ಸಾಯಂಕಾಲ ನಾಟಕ ಆಡಿ ಹೋಗುವದು ಈ ಯೋಜನೆಯಿಂದಲೇ. ವರುಷಕ್ಕೆ ೧೨೦ ತಾಸು, ಎರಡು ವರುಷ, ಎಂಬದು ಅದರ ಕ್ರಮ. (ನೆಟ್ಟ ಗಿಡಗಳಿಗೆ ಆಮೇಲೆ ನೀರು ಹಾಕುವವರು ಯಾರು ಎಂಬದನ್ನು ಊರಿನವರಾದ ನಾವೇ ವಿಚಾರಿಸಿಕೊಳ್ಳೋಣ.)

ಕಡ್ಡಾಯದ ರುಚಿಯನ್ನು ಬಹುಕಾಲದಿಂದ ಕಂಡವರು ಏನನ್ನುತ್ತಾರೆ? ಸ್ವಿಜರ್ಲೆಂಡಿನಲ್ಲಿ ಗಂಡಸರೆಲ್ಲರಿಗೂ ದಂಡಿನ ಸೇವೆ ಕಡ್ಡಾಯ; ಮಾಡದವನು ತನ್ನ ಆದಾಯದಲ್ಲಿ ನೂರಕ್ಕೆ ೩ರಂತೆ ತೆರಿಗೆ ಕೊಡತಕ್ಕದ್ದು. ಆಯುಧ ಹಿಡಿಯಲಾರದವನಿಗೆ ೧೯೯೬ರಿಂದ ಬೇರೆ ಸೇವೆಯುಂಟು. ಆದರೆ ಅದರ ಕಾಲವು ಒಂದೂವರೆ ಪಾಲು. ಈ ಕಡ್ಡಾಯವನ್ನು ತೆಗೆದುಬಿಡೋಣವೋ ಎಂದು ೨೦೧೩ರಲ್ಲಿ ಜನರನ್ನು ಕೇಳಿದಾಗ ನೂರಕ್ಕೆ ೭೩ ಮಂದಿ ಬೇಡವೆಂದರು. ಹಾಗಾದರೆ ಹೆಂಗಸರನ್ನೂ ಸೇರಿಸಿ ಸಕಲರಿಗೂ ದೇಶಸೇವೆಯನ್ನು ಕಡ್ಡಾಯ ಮಾಡೋಣವೋ ಎಂದು ೨೦೨೫ನೇ ನವಂಬರದಲ್ಲಿ ಕೇಳಿದರು. ಅದಕ್ಕೆ ನೂರಕ್ಕೆ ೮೦ಕ್ಕಿಂತ ಹೆಚ್ಚು ಮಂದಿ ಬೇಡವೆಂದರು. ಇದ್ದದ್ದನ್ನು ಬಿಡಲೂ ಮನಸ್ಸಿಲ್ಲ, ಹೆಚ್ಚಿಸಲೂ ಮನಸ್ಸಿಲ್ಲ.

ಇನ್ನು ಮನಸ್ಸಾಕ್ಷಿಯ ವಿಷಯ. ಇದು ನಮ್ಮಂಥವರಿಗೆ ಹತ್ತಿರವಾದದ್ದು. ಇಂಗ್ಲೆಂಡಿನಲ್ಲಿ ೧೯೧೬ನೇ ಜನವರಿಯಲ್ಲಿ ಕಡ್ಡಾಯದ ಕಾಯಿದೆಯು ಬಂದಾಗ, ಕೊಲ್ಲುವದಕ್ಕೆ ಮನಸ್ಸಾಕ್ಷಿಯು ಒಪ್ಪದವನು ಬಿಡುಗಡೆ ಕೇಳಬಹುದೆಂದು ಒಂದು ವಾಕ್ಯವನ್ನು ಅದರಲ್ಲಿ ಇಟ್ಟಿದ್ದರು. ಸುಮಾರು ೧೬,೦೦೦ ಮಂದಿ ಹಾಗೆ ನಿಂತರು. ಅವರಲ್ಲಿ ಕ್ವೇಕರರು ಮುಂತಾದ ಭಕ್ತರಿದ್ದರು, ದೇವರನ್ನು ನಂಬದವರೂ ಇದ್ದರು. ಕಾಯಿದೆಯ ವಾಕ್ಯವು ಒಳ್ಳೇದೇ, ಆದರೆ ವಿಚಾರಿಸುವ ಊರ ಪ್ರಮುಖರಿಗೆ ತಾಳ್ಮೆಯಿರಲಿಲ್ಲ. ಆ ವರುಷದ ಬೇಸಗೆಯಲ್ಲಿ ೩೫ ಮಂದಿಯನ್ನು ಫ್ರಾನ್ಸಿಗೆ ಸಾಗಿಸಿ, ಅಪ್ಪಣೆ ಮೀರಿದರೆಂದು ಮರಣದಂಡನೆಯನ್ನು ವಿಧಿಸಿ, ಅದನ್ನು ಓದಿ ಹೇಳಿ, ಆಮೇಲೆ ಹತ್ತು ವರುಷದ ಕಠಿಣ ಸೆರೆಗೆ ಇಳಿಸಿದರು.

ಅಮೇರಿಕದವರು ಎರಡನೆಯ ಯುದ್ಧದಲ್ಲಿ ಇದಕ್ಕಿಂತ ಒಳ್ಳೇ ದಾರಿಯನ್ನು ಹುಡುಕಿದರು. ಅದೂ ಪೂರ್ಣ ಒಳ್ಳೇದಲ್ಲವೆಂದು ಮುಂದೆ ನೋಡುವಿರಿ. ೧೯೪೧ರಿಂದ ೧೯೪೭ರ ವರೆಗೆ ಕ್ವೇಕರರು, ಮೆನ್ನೊನೈಟರು, ಬ್ರೆದ್ರನ್ ಸಭೆಯವರು ಇವರ ಮೇಲ್ವಿಚಾರಣೆಯಲ್ಲಿ ಶಿಬಿರಗಳನ್ನು ಇಟ್ಟು, ಆಯುಧ ಹಿಡಿಯದ ಸುಮಾರು ೧೨,೦೦೦ ಯೌವನಸ್ಥರನ್ನು ಅವುಗಳಿಗೆ ಕಳುಹಿಸಿದರು. ಅವರು ಕೊಚ್ಚಿಹೋಗುವ ಮಣ್ಣಿಗೆ ತಡೆ ಕಟ್ಟಿದರು, ಕಾಡುಗಿಚ್ಚನ್ನು ಆರಿಸಿದರು. ಕೂಲಿಯಿಲ್ಲ, ಅನ್ನ ಬಟ್ಟೆಯ ಖರ್ಚು ಸಭೆಗಳ ಮೇಲೂ ಮನೆಯವರ ಮೇಲೂ ಬಿತ್ತು. ಇದು ಬಿಟ್ಟಿಯಲ್ಲವೋ ಎಂದು ನೀವು ಕೇಳಿದರೆ, ಅವರಲ್ಲಿಯೂ ಕೆಲವರು ಹಾಗೆಯೇ ಕೇಳಿ ಶಿಬಿರವನ್ನು ಬಿಟ್ಟು ಸೆರೆಮನೆಗೆ ಹೋದರೆಂಬದು ನಿಜ.

ಇವರಲ್ಲಿ ಸುಮಾರು ೩,೦೦೦ ಮಂದಿಯನ್ನು ಮನೋರೋಗಿಗಳ ಆಸ್ಪತ್ರೆ ಮೊದಲಾದ ಸ್ಥಳಗಳಿಗೆ ಹಾಕಿದರು. ಯುದ್ಧದ ನಿಮಿತ್ತ ಆಳುಗಳಿಲ್ಲದೆ ಅವು ಹಾಳುಬಿದ್ದಿದ್ದವು. ಫಿಲಡೆಲ್ಫಿಯ ಪಟ್ಟಣದ ಬೈಬೆರಿ ಎಂಬ ಆಸ್ಪತ್ರೆಯಲ್ಲಿ ನೂರಾರು ರೋಗಿಗಳಿಗೆ ಬೆರಳೆಣಿಕೆಯ ಪರಿಚಾರಕರು. ರೋಗಿಗಳು ಬತ್ತಲೆಯಾಗಿ ಗೋಡೆಗೆ ಒರಗಿ, ಹೊಲಸಿನಲ್ಲಿ ಕೂತಿದ್ದರು. ಕಟ್ಟುವದೂ ಹೊಡೆಯುವದೂ ಅಲ್ಲಿಯ ವಾಡಿಕೆ. ಈ ಹುಡುಗರು ಹೊಡೆಯಲಿಲ್ಲ. ರಾತ್ರಿ ಕೆಲಸ ಮುಗಿಸಿ ಕಂಡದ್ದನ್ನು ಬರೆದಿಟ್ಟರು. ಒಬ್ಬನು ಗುಟ್ಟಾಗಿ ಚಿತ್ರಗಳನ್ನು ತೆಗೆದನು. ೧೯೪೬ನೇ ಮೇ ತಿಂಗಳಲ್ಲಿ ಅವು ದೊಡ್ಡ ಪತ್ರಿಕೆಯೊಂದರಲ್ಲಿ ಬಂದಾಗ ದೇಶವೇ ನಾಚಿತು, ಆಸ್ಪತ್ರೆಗಳನ್ನು ತಿದ್ದುವ ಪ್ರಯತ್ನವು ಎದ್ದಿತು. ಆ ಆಸ್ಪತ್ರೆಯ ಬಾಗಲಿನ ವರೆಗೆ ಅವರನ್ನು ಎಳೆದು ತಂದದ್ದು ಕಾಯಿದೆ. ಒಳಗೆ ಮಾಡಿದ್ದನ್ನು ಯಾವ ಕಾಯಿದೆಯೂ ಮಾಡಿಸಿರಲಿಲ್ಲ. ಒಂದು ಮೈಲು ಹೊರೆ ಹೊರುವಂತೆ ಬಿಟ್ಟಿ ಹಿಡಿದವನ ಸಂಗಡ ಎರಡನೆಯ ಮೈಲಿಗೂ ಹೋಗಬೇಕೆಂದು ಕರ್ತನು ಹೇಳಿದ ಉಪದೇಶವನ್ನು ಅವರು ಬಲ್ಲವರಾಗಿದ್ದರು. ಆದರೆ ಆ ಮಾತನ್ನು ಹೊರೆ ಹೊತ್ತವನಿಗೆ ಹೇಳಿದೆಯೇ ಹೊರತು ಹೊರಿಸುವವನಿಗೆ ಅಲ್ಲ. ಅದನ್ನು ಉದಾಹರಿಸಿ ಆಳಿನ ತಲೆಯ ಮೇಲೆ ಇನ್ನೊಂದು ಗಂಟನ್ನು ಇಡುವದಕ್ಕೆ ಯಾವ ಯಜಮಾನನಿಗೂ ಅಧಿಕಾರವಿಲ್ಲ. ಹಾಗೆ ಉದಾಹರಿಸಿದವರನ್ನು ನಾವು ಬಲ್ಲೆವು.

ದಕ್ಷಿಣ ಕೊರಿಯದಲ್ಲಿ ಆಯುಧ ಹಿಡಿಯಲೊಲ್ಲದವರಿಗೆ ಅನೇಕ ವರುಷ ಸೆರೆಮನೆಯೊಂದೇ ದಾರಿಯಾಗಿತ್ತು. ೨೦೧೮ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಬೇರೆ ಸೇವೆಯ ದಾರಿಯನ್ನು ಮಾಡಲೇಬೇಕೆಂದು ಹೇಳಿದ್ದರಿಂದ ೨೦೨೦ರಲ್ಲಿ ಆ ಕ್ರಮವು ಆರಂಭವಾಯಿತು. ೩೬ ತಿಂಗಳು ಸೇವೆ ಮಾಡಬೇಕು. ಅದೂ ಸೆರೆಮನೆಗಳಲ್ಲಿಯೇ, ಆದರೆ ಕೆಲಸದವರಾಗಿ.

ದೂರದೇಶಗಳ ಮಾತು ಸಾಕು. ನಿಮ್ಮ ಹೋಬಳಿಯ ಆರೋಗ್ಯಕೇಂದ್ರಕ್ಕೆ ಬನ್ನಿರಿ. ಅಲ್ಲಿ ವೈದ್ಯರು ಇಲ್ಲದ ದಿನಗಳನ್ನು ನೀವು ಕಂಡಿದ್ದೀರಿ. ಬಸುರಿ ಹೆಂಗಸನ್ನು ರಾತ್ರಿಯಲ್ಲಿ ತಾಲೂಕಿನ ಊರಿಗೆ ಸಾಗಿಸುವ ಕಷ್ಟವನ್ನು ಪಟ್ಟಣದವರಿಗೆ ವಿವರಿಸಿ ಹೇಳಬೇಕಾದೀತು, ನಿಮಗೆ ಹೇಳಬೇಕಾಗಿಲ್ಲ. ಕರ್ನಾಟಕದ ಶಾಸನಸಭೆಯು ಇದಕ್ಕಾಗಿ ೨೦೧೨ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಅದು ೨೦೧೫ರಲ್ಲಿ ಜಾರಿಗೆ ಬಂತು. ವೈದ್ಯವಿದ್ಯೆಯನ್ನು ಮುಗಿಸಿದವರು ಒಂದು ವರುಷ ಸರಕಾರದ ಆಸ್ಪತ್ರೆಗಳಲ್ಲಿ, ವಿಶೇಷವಾಗಿ ಹಳ್ಳಿಗಳಲ್ಲಿ ಕೆಲಸ ಮಾಡತಕ್ಕದ್ದು, ಸಂಬಳವುಂಟು, ಮೀರಿದವರಿಗೆ ಲಕ್ಷಗಟ್ಟಲೆ ರೂಪಾಯಿ ದಂಡ. ಇದು ಅನ್ಯಾಯವೆಂದು ಅನೇಕ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಬೇರೆ ರಾಜ್ಯಗಳ ಇಂಥ ಕರಾರುಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೯ನೇ ಅಗಸ್ಟಿನಲ್ಲಿ, ಇವು ಬಲವಂತದ ದುಡಿತವಲ್ಲ, ೨೩ನೆಯ ವಿಧಿಗೆ ವಿರೋಧವಾದವುಗಳಲ್ಲ ಎಂದು ತೀರ್ಮಾನಿಸಿತು. ೨೦೨೩ರಲ್ಲಿ ನಮ್ಮ ರಾಜ್ಯದ ಕಾಯಿದೆಯನ್ನು ಸಡಿಲಿಸಿ, ಖಾಲಿ ಇರುವ ಸ್ಥಳಗಳಿಗೆ ಬೇಕಾದಷ್ಟು ಮಂದಿಯನ್ನು ಕರೆಯುವ ಹಾಗೆ ತಿದ್ದಿದರು.

ಈ ಕಾಯಿದೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಬಚ್ಚಿಡುವದಿಲ್ಲ. ಇಂಥ ಕಡ್ಡಾಯವು ನಮಗೆ ಒಪ್ಪಿಗೆಯಾಗಿದೆ. ಕೊರತೆಯು ನಿಜವಾದದ್ದು, ಕೆಲಸವು ಕಲಿತ ಕೆಲಸವೇ, ಸಂಬಳವುಂಟು, ಕಾಲವು ಸ್ವಲ್ಪ, ಹೊರೆಯು ಬಿದ್ದದ್ದು ಕೇರಿಯ ಮೇಲಲ್ಲ, ಓದಿ ಮೇಲೆ ಬಂದವರ ಮೇಲೆ. ಅಜ್ಜನ ಕಾಲದ ಬಿಟ್ಟಿಯನ್ನು ತಲೆಕೆಳಗೆ ಮಾಡಿದಂತಿದೆ. ಆದರೆ ದಂಡವೆಂಬ ಕಿಂಡಿಯನ್ನು ನಾವು ಒಪ್ಪಲಾರೆವು. ಲಕ್ಷಗಳನ್ನು ಎಣಿಸಿ ಕೊಡಬಲ್ಲವನಿಗೆ ಅದು ದಂಡವಲ್ಲ, ಕ್ರಯ. ಸಾಲಮಾಡಿ ಓದಿದ ನಮ್ಮ ಸಭೆಯ ಹುಡುಗಿಯು ಹಳ್ಳಿಗೆ ಹೋಗುವಳು, ಅವಳ ಪಕ್ಕದಲ್ಲಿ ಕೂತು ಓದಿದವನು ಹಣ ಕಟ್ಟಿ ಪಟ್ಟಣದಲ್ಲಿ ಉಳಿದಾನು. ಹಾಗಾದಲ್ಲಿ ತಳವಾರನ ಕೂಗು ಮೇಲುಕೇರಿಗೆ ಈಗಲೂ ಮುಟ್ಟಲಿಲ್ಲವೆಂದೇ ಹೇಳಬೇಕು.

ಕಟ್ಟೆಯ ಮೇಲಿನ ಹಿರಿಯರಿಗಾದರೋ ನಮ್ಮ ಉತ್ತರವು ಹೀಗಿದೆ. ಹುಡುಗರಿಗೆ ಬುದ್ಧಿ ಬರಲಿ ಎಂಬದು ಕಡ್ಡಾಯಕ್ಕೆ ಸಾಕಾದ ಕಾರಣವಲ್ಲ. ಬುದ್ಧಿ ಕಲಿಸುವದು ತಂದೆತಾಯಿಗಳ ಕೆಲಸ, ಅದನ್ನು ದಂಡಿನ ಹವಾಲ್ದಾರನಿಗೆ ಒಪ್ಪಿಸಿ ಮನೆಯಲ್ಲಿ ನಿದ್ರೆ ಮಾಡಲಾಗದು. ಮನೆಗೆ ಬೆಂಕಿ ಬಿದ್ದಾಗ, ಕೆರೆ ಒಡೆಯುವಾಗ, ಕಾಯಿಲೆಯವರಿಗೆ ಕೈಗಳು ಸಾಲದಾಗ ಎಲ್ಲರನ್ನೂ ಕರೆಯಬಹುದು. ಆಗಲೂ ಹಣದಿಂದ ತಪ್ಪಿಸಿಕೊಳ್ಳುವ ಕಿಂಡಿ ಇರಬಾರದು. ಮನಸ್ಸಾಕ್ಷಿಯ ನಿಮಿತ್ತ ಬೇರೆ ಹೊರೆಯನ್ನು ಕೇಳುವವನಿಗೆ ಬಾಗಲು ಇರಬೇಕು.

ಭಾನುವಾರ ಸಾಯಂಕಾಲದ ಕೂಟದಲ್ಲಿ ಇದನ್ನು ಓದುವವರು ಈ ಕೆಳಗಿನ ಸಂಗತಿಯನ್ನು ತಮ್ಮೊಳಗೆ ಮಾತಾಡಲಿ. ನಿಮ್ಮ ಊರಿನ ಕೆರೆಯಲ್ಲಿ ಹೂಳು ತುಂಬಿದೆ. ಮಳೆಗೆ ಮುಂಚೆ ತೆಗೆಯದಿದ್ದರೆ ಏರಿಯು ನಿಲ್ಲದು. ಮನೆಗೊಬ್ಬರು ಮೂರು ದಿನ ಬರಬೇಕೆಂದು ಊರಿನವರು ಗೊತ್ತುಮಾಡುತ್ತಾರೆ. ಕೆರೆಯ ಕೆಳಗೆ ಹತ್ತು ಎಕರೆ ಗದ್ದೆ ಇರುವವನಿಗೂ ಗೇಣು ನೆಲವಿಲ್ಲದವನಿಗೂ ಮೂರು ಮೂರು ದಿನವೇ ಸರಿಯೋ? ದುಡಿದರೆ ಮಾತ್ರ ಉಣ್ಣುವ ಕೂಲಿಯವನಿಗೆ ಆ ಮೂರು ದಿನದ ಗಂಜಿಯನ್ನು ಕೊಡತಕ್ಕವರು ಯಾರು? ತನ್ನ ಬದಲಿಗೆ ಆಳನ್ನು ಕಳುಹಿಸುತ್ತೇನೆಂದು ಪಟೇಲರ ಮನೆಯವರು ಹೇಳಿದರೆ ಒಪ್ಪುವಿರೋ? ಗಂಡಸಿಲ್ಲದ ವಿಧವೆಯ ಮನೆಯನ್ನು ಪಟ್ಟಿಯಲ್ಲಿ ಬರೆಯುವಿರೋ, ಬಿಡುವಿರೋ, ಇಲ್ಲವೆ ಮೊದಲು ಅವಳನ್ನೇ ಕೇಳುವಿರೋ?